ಹೇಳ್ರಿ, ಕೇಳಾಕತ್ತೇವಿ

ಮಂಗಳವಾರ ಬೆಳಗಿನಿಂದಲೇ ಸಾನಿಯಾಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಮೂಡಲಗಿಯಿಂದ ಗೋಕಾಕಕ್ಕೆ ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟೇ ಸಿಕ್ಕಿತ್ತು. ಆದರೆ ಕಲ್ಲೋಳಿ ಹತ್ತಿರ ಕಬ್ಬು ಹೇರಿದ ಟ್ರ್ಯಾಕ್ಟರೊಂದು ಮುಂದೆ ತೆವಳತೊಡಗಿದ್ದೇ ತಡ, ಎದ್ದು ಹೋಗಿ ಬಾಗಿಲ ಬಳಿ ನಿಂತಳು, ತಾನು ನಿಂತರೆ ಬಸ್ಸಿಗೂ ಅವಸರವಾದೀತು ಎಂಬಂತೆ.

ಬರುವ ಭಾನುವಾರ ಹುಕ್ಕೇರಿಯಿಂದ ಅವಳನ್ನು ನೋಡಲು ಬರುವವರಿದ್ದರು. ಹುಡುಗನ ಹೆಸರು ಆರೀಫ. ಕಿರಾಣಿ ಅಂಗಡಿಯ ಮನೆತನ, ಹುಡುಗನಿಗೆ ಗೋಕಾಕದ ಯಾವುದೋ ಆಫೀಸಿನಲ್ಲಿ ಕೆಲಸ. ಅವಳಿಗೆ ಗೊತ್ತಿದ್ದದ್ದು ಇಷ್ಟೇ. ಅಮ್ಮೀ ಸುರಯ್ಯಾ ಮೊಬೈಲಿನಲ್ಲಿ ಫೋಟೊ ತೋರಿಸಲು ಬಂದಾಗ ಸಾನಿಯಾ ಮುಖ ತಿರುವಿಕೊಂಡಿದ್ದಳು. ಸಿಟ್ಟು ಆ ಹುಡುಗನ ಮೇಲಲ್ಲ. ಬಾಗಿಲಿನ ಪರದೆ ಬದಲಿಸುವುದರಿಂದ ಹಿಡಿದು ಬಿರಿಯಾನಿಗೆ ಯಾರನ್ನು ಕರೆಸಬೇಕು ಎನ್ನುವವರೆಗೆ ಮನೆಯಲ್ಲಿ ಎಲ್ಲದರ ಚರ್ಚೆ ನಡೆದಿತ್ತು. ನಿನಗೇನು ಅನಿಸುತ್ತದೆ ಎಂದು ಅವಳನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಅವಳು ಗೋಕಾಕದ ಕಾಲೇಜಿನಲ್ಲಿ ಪತ್ರಿಕೋದ್ಯಮ ಓದುತ್ತಿದ್ದಳು. ಅಂದು ಶೋಭಾ ಮೇಡಂ ಇಡೀ ಕ್ಲಾಸನ್ನು ‘ಬಾಜೂಮನಿ ರೇಡಿಯೊ’ ನೋಡಲು ಕರೆದುಕೊಂಡು ಬಂದಿದ್ದರು. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಸ್ಟೀಲ್ ಪಾತ್ರೆ ಅಂಗಡಿಯ ಮಹಡಿಯ ಮೇಲಿತ್ತು ಅದು. ಹಾಡಿಲ್ಲದ, ಬರೀ ಮಾತಿನ ರೇಡಿಯೊ. ಗೋಕಾಕದಲ್ಲಿ ಎಫ್ಎಂನಲ್ಲಿ ಬರುತ್ತಿತ್ತು, ಮೂಡಲಗಿ, ಹುಕ್ಕೇರಿ ಕಡೆಯವರು ಮೊಬೈಲಿನಲ್ಲಿ ಕೇಳುತ್ತಿದ್ದರು. ಮಧ್ಯಾಹ್ನದ ‘ಹೇಳ್ರಿ, ಕೇಳಾಕತ್ತೇವಿ’ ಶುರುವಾಯಿತೆಂದರೆ ಆ ಭಾಗದ ಅಂಗಡಿ, ಗಿರಣಿ, ಹಿಟ್ಟಿನ ಚಕ್ಕಿಗಳಲ್ಲೆಲ್ಲ ಅದೇ ದನಿ.

ಮ್ಯಾನೇಜರು ರೇಡಿಯೊದ ಇತಿಹಾಸ ಹೇಳತೊಡಗಿದ್ದರು. ಸಾನಿಯಾ ಮೆಲ್ಲಗೆ ಹೊರಗೆ ಜಾರಿದಳು.

ಸ್ಟುಡಿಯೊ ಬಾಗಿಲಿನ ಮುಂದೆ ಒಬ್ಬ ತೆಳ್ಳನೆಯ ಹುಡುಗ ಸ್ಟೂಲಿನ ಮೇಲೆ ನಿಂತು, ಮೈಕು ಚಾಲೂ ಇದ್ದಾಗ ಉರಿಯುವ ಕೆಂಪು ಬಲ್ಬಿನ ಹೋಲ್ಡರ್ ಬಿಚ್ಚುತ್ತಿದ್ದ. ಅಂಗಿಯ ತೋಳು ಮೊಣಕೈವರೆಗೆ ಮಡಚಿತ್ತು, ಬಾಯಲ್ಲಿ ಸ್ಕ್ರೂ ಇತ್ತು. ಅದನ್ನು ತೆಗೆದು, ತಿರುಗಿಯೂ ನೋಡದೆ, ಒಳಗೆ ಭಾಷಣ ಮುಗೀತೇನ್ರಿ ಎಂದು ಕೇಳಿದ.

“ಈಗ ಶುರು ಆಗೇತ್ರಿ.”

ಅವನು ನಕ್ಕ. ಈ ರೇಡಿಯೊ ಕೇಳುತ್ತೀರಾ ಎಂದ. ತಾನು ಕೇಳುವುದಿಲ್ಲ, ಅಬ್ಬಾ ಅಂಗಡಿಯಲ್ಲಿ ದಿನವಿಡೀ ಹಚ್ಚಿರುತ್ತಾರೆ, ಹಾಗಾಗಿ ಕಿವಿಗೆ ಬೀಳುತ್ತದೆ ಎಂದಳು. ಹೇಗಿದೆ ಎಂದು ಕೇಳಿದ. ಸಾನಿಯಾ ಅಂದು ಯಾರ ಮೇಲಾದರೂ ಹರಿಹಾಯಲು ಕಾಯುತ್ತಿದ್ದಳು.

“ಆ ಸೈಫ ಅನ್ನಾವ ಭಾಳ ಮಾತಾಡ್ತಾನ್ರಿ. ಕೇಳಾಕತ್ತೇವಿ ಅಂತ ಹೆಸರು ಇಟ್ಕೊಂಡು, ಮಂದಿಗೆ ಒಂದು ಮಾತು ಪೂರ್ತಿ ಹೇಳಾಕ ಬಿಡಂಗಿಲ್ಲ.”

ಹುಡುಗ ಸ್ಕ್ರೂಡ್ರೈವರ್ ಹಿಡಿದುಕೊಂಡೇ ಗಂಭೀರವಾಗಿ ತಲೆಯಾಡಿಸಿದ. “ಖರೆ ಐತ್ರಿ. ನಾನೂ ಅವಗ ಭಾಳ ಸಲ ಹೇಳೇನಿ. ಕೇಳಂಗಿಲ್ಲ.”

ಸ್ವಲ್ಪ ಹೊತ್ತಿಗೆ ಕ್ಲಾಸಿನವರೆಲ್ಲ ಸ್ಟುಡಿಯೊದ ಗಾಜಿನ ಆಚೆ ಸಾಲಾಗಿ ನಿಂತಾಗ ಅದೇ ಹುಡುಗ ಒಳಗೆ ಬಂದು, ಕೈ ಒರೆಸಿಕೊಂಡು, ಮೈಕಿನ ಮುಂದಿನ ಕುರ್ಚಿ ಎಳೆದು ಕೂತ. “ನಮಸ್ಕಾರ್ರಿ, ನಾ ನಿಮ್ಮ ಸೈಫ” ಎಂದ. ಮೂಡಲಗಿಯ ಅಂಗಡಿಯಲ್ಲಿ ಹತ್ತಿಯ ಧೂಳಿನ ನಡುವೆ ದಿನವೂ ಕೇಳುವ ಆ ತುಂಬುದನಿ ಇಷ್ಟು ಸಣಕಲು ಮೈಯಿಂದ ಬರುತ್ತದೆಂದು ಅವಳು ಎಣಿಸಿರಲಿಲ್ಲ. ಗೆಳತಿ ದೀಪಾಳ ಬೆನ್ನ ಹಿಂದೆ ಅಡಗಲು ನೋಡಿದಳು. ಗಾಜಿನಾಚೆಯಿಂದ ಅವನ ಕಣ್ಣು ಅವಳನ್ನು ಹುಡುಕಿ ಹಿಡಿಯಿತು. ಹುಬ್ಬು ಒಂದಿಷ್ಟೇ ಮೇಲೇರಿತು. ತುಟಿ ನಗಲಿಲ್ಲ, ಕಣ್ಣು ನಕ್ಕಿತು.

ಮುಂದಿನ ಅರ್ಧ ಗಂಟೆ, ಮೊದಲೇ ರೆಕಾರ್ಡ್ ಮಾಡಿಟ್ಟ ಸಂದರ್ಶನವೊಂದು ಹೋಗುವುದಿತ್ತು. ಅಷ್ಟರಲ್ಲಿ ಯಾರಿಗಾದರೂ ಮೈಕಿನ ಮುಂದೆ ಕೂತು ನೋಡುವ ಆಸೆ ಇದ್ದರೆ ಬನ್ನಿ ಎಂದ. ಎಲ್ಲರೂ ಒಬ್ಬರನ್ನೊಬ್ಬರು ನೋಡಿಕೊಂಡರು. ದೀಪಾ ಸಾನಿಯಾಳನ್ನು ಒಳಗೆ ನೂಕಿದಳು. ಅಷ್ಟು ಹೊತ್ತಿಗೆ ಚಹಾ ಬಂತೆಂದು ಕರೆದರು. ಗಾಜಿನ ಆಚೆಯ ಗುಂಪು ಕರಗಿತು.

ಕರೆಂಟು ಒಮ್ಮೆ ಕಣ್ಣು ಮಿಟುಕಿಸಿದಂತೆ ಹೋಗಿ ಬಂತು. ಇಬ್ಬರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

“ಏನರ ಮಾತಾಡ್ರಿ. ನಾ ಸುಮ್ಮನ ಇರ್ತೇನಿ. ಪೂರ್ತಿ ಹೇಳಾಕ ಬಿಡ್ತೇನಿ.”

ಸಾನಿಯಾಗೆ ನಗು ಬಂತು. ಏನು ಹೇಳಬೇಕು ಎಂದಳು. ನಿಮ್ಮ ಕಾಲು ಆಗಿನಿಂದ ಕುಣಿಯುತ್ತಿದೆ, ಅದಕ್ಕೆ ಏನಾಗಿದೆ ಎಂದು ಹೇಳಿ ಎಂದ. ಕಾಲನ್ನು ಹಿಂದಕ್ಕೆಳೆದುಕೊಂಡಳು. ತನ್ನ ಕಾಲನ್ನು ಅಷ್ಟು ಗಮನಿಸಿದವರು ಯಾರೂ ಇರಲಿಲ್ಲ. ಅದಕ್ಕೋ, ಮೈಕಿನ ಮೃದುವಾದ ಕರಿ ಸ್ಪಂಜು ತುಟಿಗೆ ಅಷ್ಟು ಹತ್ತಿರವಿದ್ದುದಕ್ಕೋ, ಯಾರಿಗೂ ಹೇಳದ್ದು ಬಾಯಿಗೆ ಬಂತು.

“ಐತವಾರ ಹುಕ್ಕೇರಿಯವರು ನನ್ನ ನೋಡಾಕ ಬರ್ತಾರ. ನಾ ಹುಡುಗನ್ನ ನೋಡಿಲ್ಲ, ಫೋಟೊನೂ ನೋಡಿಲ್ಲ. ಅಂವ ಒಳ್ಳೇವನ ಇರಬೇಕು. ಆದ್ರ ನನ್ನ ಯಾರೂ ಕೇಳಿಲ್ರಿ. ಓದು ಮುಗಿಸಿ ಏನ್ ಮಾಡ್ತಿ ಅಂತ ಕೇಳಿಲ್ಲ, ನಿನಗ ಮನಸ್ಸು ಐತೇನು ಅಂತ ಕೇಳಿಲ್ಲ. ನಾಳೆ ಮಂದಿ ಮುಂದ ಮೈಕ ಹಿಡಿಯಾಕಿ ನಾನು. ಮನ್ಯಾಗ ನಮ್ಮ ಅಬ್ಬಾನ ಮುಂದ ಒಂದು ಮಾತು ನೆಟ್ಟಗ ಆಡಾಕ ಬರಂಗಿಲ್ಲ.”

ಅವನು ಮಾತಿಗೆ ತಕ್ಕಂತೆ ಸುಮ್ಮನೇ ಇದ್ದ. ಗಲ್ಲಕ್ಕೆ ಕೈ ಕೊಟ್ಟು ಅವಳನ್ನೇ ನೋಡುತ್ತಿದ್ದ. ನೋಟದಲ್ಲಿ ಕೀಟಲೆ ಹೋಗಿ ಬೇರೇನೋ ಬಂದಿತ್ತು. ಸ್ವಲ್ಪ ಹೊತ್ತಿನ ಮೇಲೆ, ಅಬ್ಬಾ ಏನು ಮಾಡುತ್ತಾರೆ ಎಂದು ಕೇಳಿದ.

“ಗಾದಿ ಅಂಗಡಿ. ಮೂಡಲಗ್ಯಾಗ ನಿಜಾಮಸಾಬರ ಗಾದಿ ಅಂಗಡಿ ಅಂದ್ರ ಎಲ್ಲಾರಿಗೂ ಗೊತ್ತು.”

ಅವನ ಕೈ ಗಲ್ಲದಿಂದ ಕೆಳಗಿಳಿಯಿತು. ಮುಖ ಬಿಳಚಿತು. ತಾನು ಏನು ತಪ್ಪಾಡಿದೆ ಎಂದು ಅವಳು ಯೋಚಿಸುವಷ್ಟರಲ್ಲಿ ಎದುರಿನ ಫೋನಿನ ದೀಪಗಳೆಲ್ಲ ಒಮ್ಮೆಗೇ ಮಿನುಗತೊಡಗಿದವು, ಗಾಜಿನ ಆಚೆ ಮ್ಯಾನೇಜರು ಓಡಿ ಬಂದು ಎರಡೂ ಕೈಯಿಂದ ಗಾಜು ಬಡಿದರು.

ಕರೆಂಟು ಹೋಗಿ ಬಂದಾಗ ಕಂಪ್ಯೂಟರ್ ನಿಂತಿತ್ತು, ಸಂದರ್ಶನವೂ ನಿಂತಿತ್ತು. ಮೈಕು ಮಾತ್ರ ತೆರೆದೇ ಇತ್ತು. ಬಾಗಿಲ ಮೇಲಿನ ಕೆಂಪು ದೀಪ ಇನ್ನೂ ಕೆಟ್ಟೇ ಇತ್ತು. ಅವಳು ಆಡಿದ್ದನ್ನೆಲ್ಲ ಊರೂರು ಕೇಳಿತ್ತು.

ಸೈಫ ಹೆಡ್‌ಫೋನ್ ಹಾಕಿಕೊಂಡು, ತಪ್ಪಾಗಿದೆ, ಇದು ಪ್ರಸಾರಕ್ಕೆ ಆಡಿದ ಮಾತಲ್ಲ ಎಂದು ಹೇಳಿ ಕೈಗೆ ಸಿಕ್ಕ ಕರೆಯೊಂದನ್ನು ತೆಗೆದುಕೊಂಡ. ಅಂಕಲಗಿಯ ಮಾಯವ್ವ ಎಂಬ ಮುದುಕಿ.

“ಆಕಿನ್ನ ನಿಲ್ಲಸಬ್ಯಾಡೋ ತಮ್ಮಾ. ನನ್ನೂ ಯಾರೂ ಕೇಳಿದ್ದಿಲ್ಲ. ಆಕಿ ಹೇಳಲಿ.”

ಸಾನಿಯಾ ಆಗಲೇ ಮೆಟ್ಟಿಲಿಳಿದು ಓಡುತ್ತಿದ್ದಳು.

*

ಮೂಡಲಗಿಯ ಬಜಾರಿನಲ್ಲಿ ಬಸ್ಸಿಳಿದಾಗ ಯಾರೂ ಅವಳನ್ನು ಏನೂ ಕೇಳಲಿಲ್ಲ. ನೋಡಿದರು ಅಷ್ಟೇ. ಬಳೆ ಅಂಗಡಿಯವಳು ನೋಡಿದಳು, ಪಂಚರ್ ಅಂಗಡಿಯವನು ನೋಡಿದ. ಗಾದಿ ಅಂಗಡಿಯಲ್ಲಿ ಹತ್ತಿ ಹಿಂಜುವ ಮಶೀನು ನಿಂತಿತ್ತು, ಮೊಬೈಲಿನ ಸ್ಪೀಕರೂ ಸುಮ್ಮನಿತ್ತು. ಅಬ್ಬಾ ಅರ್ಧ ಹೊಲಿದ ಗಾದಿಯ ಮೇಲೆ ಕೂತಿದ್ದರು. ಗಡ್ಡ, ಟೊಪ್ಪಿಗೆಗಳ ಮೇಲೆಲ್ಲ ಹತ್ತಿಯ ಎಳೆ.

ಒಳಗಿನಿಂದ ಅಮ್ಮೀಯ ಅಳು ಕೇಳುತ್ತಿತ್ತು. ಹುಕ್ಕೇರಿಯಿಂದ ಫೋನ್ ಬಂದು ಹೋಗಿತ್ತು. ಹುಡುಗನ ತಾಯಿ ಶಹನಾಜಬಿಯೇ ಮಾತಾಡಿ, ಮನಸ್ಸಿಲ್ಲದ ಹುಡುಗಿಯ ಮನೆಗೆ ಬಂದು ಊಟ ಮಾಡುವಷ್ಟು ನಾವು ಹಸಿದಿಲ್ಲ ಎಂದು ಇಟ್ಟುಬಿಟ್ಟಿದ್ದರಂತೆ.

ಅಬ್ಬಾ ಬಹಳ ಹೊತ್ತು ಸೂಜಿಗೆ ದಾರ ಪೋಣಿಸಲು ನೋಡಿದರು. ಆಗಲಿಲ್ಲ. ಸಾನಿಯಾ ತೆಗೆದುಕೊಂಡು ಪೋಣಿಸಿ ಕೊಟ್ಟಳು.

“ಬ್ಯಾಡ ಅಂದದ್ದಕ್ಕ ಸಿಟ್ಟಿಲ್ಲವಾ,” ಎಂದರು ನಿಜಾಮಸಾಬರು. “ಗಿರಾಕಿ ಕುಂತಿದ್ರು. ಅವರ ಜೋಡಿ ಕುಂತು ಕೇಳಬೇಕಾತು. ನನ್ನ ಮಗಳ ಮನಸ್ಸು ನನಗ ರೇಡಿಯೊದವರು ಹೇಳಬೇಕಾತು.”

ಅವಳು ಉತ್ತರ ಕೊಡಬೇಕೆಂದುಕೊಂಡಳು. ಆದರೆ ನೆಲದ ಮೇಲಿನ ಹತ್ತಿಯ ಎಳೆ ಹೆಕ್ಕತೊಡಗಿದಳು.

ಗುರುವಾರ ಅವನು ಬಂದ. ಸಾನಿಯಾ ಪರದೆಯ ಹಿಂದಿನಿಂದ ನೋಡಿದಳು. ಚಪ್ಪಲಿ ಹೊರಗೆ ಬಿಟ್ಟು, ಅಬ್ಬಾ ತೋರಿಸಿದ ಗಾದಿಯ ಮೇಲೆ ಕೂರದೆ ಬರೀ ನೆಲದ ಮೇಲೆ ಕೂತ. ತಾನು ರೇಡಿಯೊದ ಸೈಫ ಎಂದೂ ತಪ್ಪೆಲ್ಲ ತನ್ನದೇ ಎಂದೂ ಹುಡುಗಿಗೆ ಮೈಕು ತೆರೆದಿದ್ದು ಗೊತ್ತಿರಲಿಲ್ಲವೆಂದೂ ಹೇಳಿದ. ಮಶೀನು ಆಗಷ್ಟೇ ನಿಂತಿತ್ತು. ಗಾಳಿಯಲ್ಲಿದ್ದ ಹತ್ತಿ ಇಳಿದಿಳಿದು ಅವನ ಕೂದಲ ಮೇಲೆ, ರೆಪ್ಪೆಯ ಮೇಲೆ ಕೂರುತ್ತಿತ್ತು. ಅವನು ಅದನ್ನು ಒರೆಸಿಕೊಳ್ಳಲೂ ಇಲ್ಲ. ಅವಳಿಗೆ ಅವನ ಮೇಲೆ ಕೊತಕೊತ ಸಿಟ್ಟಿತ್ತು. ಆದರೂ ಹೋಗಿ ಆ ಹುಬ್ಬಿನ ಮೇಲಿನ ಎಳೆ ತೆಗೆಯಬೇಕು ಎಂದು ಕೈ ಚಡಪಡಿಸಿತು. ಆ ಚಡಪಡಿಕೆಗೂ ಸೇರಿ ಸಿಟ್ಟು ಹೆಚ್ಚಿತು.

“ಇನ್ನೊಂದು ಮಾತು ಐತ್ರಿ ಕಾಕಾ,” ಎಂದ ಅವನು. “ಸೈಫ ನನ್ನ ಹೆಸರಲ್ಲ. ರೇಡಿಯೊದಾಗ ಆರೀಫ ಅಂತ ಇನ್ನೊಬ್ಬರು ಮೊದಲ ಇದ್ರು, ಅದಕ್ಕ ನಮ್ಮ ಅಪ್ಪನ ಹೆಸರು ಹಚ್ಚಿಕೊಂಡೆ. ನಾ ಹುಕ್ಕೇರಿ ಸೈಫಅಲಿಯವರ ಮಗ. ಐತವಾರ ಬರಬೇಕಾದಾವ ನಾನ ಇದ್ದೆ.”

ನಿಜಾಮಸಾಬರ ಕೈಯಲ್ಲಿದ್ದ ಸೂಜಿ ನಿಂತಿತು. ಸಾನಿಯಾ ಪರದೆ ಸರಿಸಿ ಹೊರಗೆ ಬಂದಳು.

“ಗೊತ್ತಿದ್ದೂ ನನ್ನ ಮಾತಾಡಸಿದ್ರೇನು?”

ಅವನು ಎದ್ದು ನಿಂತ. ಇಲ್ಲ ಎಂದ. ರೇಡಿಯೊ ಕೆಲಸವೆಂದರೆ ಅಪ್ಪನಿಗೆ ನಾಚಿಕೆ, ಹಾಗಾಗಿ ಎಲ್ಲರಿಗೂ ಆಫೀಸು ಎಂದೇ ಹೇಳಿದ್ದರು. ಹುಡುಗಿಯ ಫೋಟೊ ನಿಮ್ಮ ಮನೆಯವರು ಕಳಿಸಿರಲಿಲ್ಲ. ಮೂಡಲಗಿಯ ನಿಜಾಮಸಾಬರ ಮಗಳು ಎನ್ನುವುದು ಮಾತ್ರ ಗೊತ್ತಿತ್ತು. ನೀವು ಆ ಹೆಸರು ಹೇಳಿದ ಗಳಿಗೆಯಲ್ಲಿ ತಿಳಿಯಿತು, ಅಷ್ಟರಲ್ಲಿ ಎಲ್ಲ ಆಗಿಹೋಗಿತ್ತು ಎಂದ.

“ಅಲ್ಲಿ ತನಕ ಮೈಕು ಚಾಲೂ ಇದ್ದದ್ದು ಹೆಂಗ ತಿಳೀಲಿಲ್ಲ ನಿಮಗ? ದಿನಾ ಅದ ಕೆಲಸ ಮಾಡಾವರು ನೀವು.”

ಅವನು ಅಬ್ಬಾರನ್ನು ಒಮ್ಮೆ ನೋಡಿದ. ಕೆಳಗೆ ನೋಡಿದ. ಆಮೇಲೆ ತಲೆಯೆತ್ತಿ ಅವಳನ್ನೇ ನೋಡಿದ.

“ಮೈಕಿನ ಮೀಟರ್ ನೋಡಬೇಕಿತ್ತು ನಾ. ನಿಮ್ಮನ್ನ ನೋಡಾಕತ್ತಿದ್ದೆ.”

ಅವನ ಕಿವಿಯ ತುದಿ ಕೆಂಪಾಗಿತ್ತು. ಈಗ ಈ ಮಾತು ಹೇಳುವ ಹಕ್ಕು ತನಗಿಲ್ಲವೆಂದು ಗೊತ್ತು, ಸುಳ್ಳು ಹೇಳಲಾಗಲಿಲ್ಲ, ಮತ್ತೆ ಈ ಸಂಬಂಧದ ಸುದ್ದಿ ಎತ್ತುವುದಿಲ್ಲ ಎಂದ. ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಬಜಾರಿನ ಬಿಸಿಲಿನಲ್ಲಿ ಅವನ ಬೆನ್ನ ಮೇಲೆ ಹತ್ತಿಯ ತುಣುಕುಗಳು ಹಾಗೇ ಇದ್ದವು.

*

ಮಧ್ಯಾಹ್ನದ ಕಾರ್ಯಕ್ರಮಕ್ಕೆ ಬೇರೆ ದನಿ ಬಂತು. ರೇಡಿಯೊದವರು ಸೈಫನನ್ನು ಮೈಕಿನಿಂದ ಇಳಿಸಿದ್ದಾರೆ, ಅವನು ಹುಕ್ಕೇರಿಯಲ್ಲಿ ಅಪ್ಪನ ಅಂಗಡಿಯಲ್ಲಿ ಕೂರುತ್ತಾನೆ ಎಂದು ದೀಪಾ ಸುದ್ದಿ ತಂದಳು. ಆಗಬೇಕಾದದ್ದೇ ಎಂದಳು ಸಾನಿಯಾ. ಆ ರಾತ್ರಿ ಊಟ ಸೇರಲಿಲ್ಲ.

ಹೊಸಬ ಒಳ್ಳೆಯವನೇ. ಆದರೆ ಫೋನ್ ಮಾಡಿದವರೆಲ್ಲ ಮೊದಲು ಕೇಳುವುದು ಒಂದೇ, ನಮ್ಮ ಸೈಫ ಎಲ್ಲಿ ಎಂದು. ಅವನಿಗೂ ಸಾಕಾಗಿ ಹೋಗಿತ್ತು.

ಸಾನಿಯಾ ಬಸ್ಸಿನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಹಳೆಯ ಕಾರ್ಯಕ್ರಮಗಳನ್ನು ಹುಡುಕಿ ಕೇಳತೊಡಗಿದಳು. ತಪ್ಪು ಹಿಡಿಯಲೆಂದೇ ಶುರು ಮಾಡಿದ್ದು. ಎಮ್ಮೆ ಕಳೆದುಕೊಂಡವನ ಮಾತು, ಮಗನೊಂದಿಗೆ ಜಗಳವಾಡಿದವಳ ಮಾತು, ಪರೀಕ್ಷೆಯಲ್ಲಿ ಫೇಲಾದ ಹುಡುಗಿಯ ಮಾತು. ಅವನು ನಡುವೆ ಬಾಯಿ ಹಾಕುತ್ತಿದ್ದ, ನಿಜ. ಆದರೆ ಗಮನಿಸಿ ಕೇಳಿದರೆ, ಹೇಳುವವರ ದನಿ ಒಡೆಯುವ ಕಡೆ ಮಾತ್ರ ಬಾಯಿ ಹಾಕುತ್ತಿದ್ದ. ಅವರು ಅಳುವ ಮುಂಚೆ ಏನೋ ಹರಟೆ ತೆಗೆದು, ಅವರು ಸುಧಾರಿಸಿಕೊಳ್ಳುವವರೆಗೆ ತಾನೇ ಮಾತಾಡುತ್ತ ಕಾವಲು ನಿಲ್ಲುತ್ತಿದ್ದ. ಆಮೇಲೆ ಮೆಲ್ಲಗೆ, “ಹೇಳ್ರಿ” ಎನ್ನುತ್ತಿದ್ದ. ಆ ಮಾತಿಗೆ ಮುಂಚೆ ಒಂದು ಸಣ್ಣ ಉಸಿರು ತೆಗೆದುಕೊಳ್ಳುತ್ತಿದ್ದ. ಸಾನಿಯಾ ಆ ಉಸಿರಿಗಾಗಿ ಕಾಯತೊಡಗಿದಳು. ಇಳಿಯಬೇಕಾದ ಸ್ಟಾಪು ಎಷ್ಟೋ ಸಲ ದಾಟಿಹೋಯಿತು.

ಕ್ಲಾಸಿನಲ್ಲಿ ಕೂತರೆ ಹೊರಗೆ ಹೋಗಬೇಕು, ಹೊರಗೆ ಬಂದರೆ ಮನೆಗೆ ಹೋಗಬೇಕು, ಮನೆಗೆ ಬಂದರೆ ಎಲ್ಲಿಗೆ ಎಂದು ಗೊತ್ತಿಲ್ಲ. ದಿಂಬಿಗೆ ಹತ್ತಿ ತುಂಬಲು ಕೂತವಳು ಒಂದೇ ದಿಂಬಿಗೆ ಎರಡರ ಹತ್ತಿ ತುಂಬಿ, ಅದು ಕಲ್ಲಿನಂತಾಗಿ, ಗಿರಾಕಿ ವಾಪಸು ತಂದ. ಗಿರಾಕಿ ಹೋದ ಮೇಲೆ ಅಬ್ಬಾ ಸ್ಪೀಕರ್ ಬಂದ್ ಮಾಡಿದರು.

“ಯಾಕ ಬಂದ್ ಮಾಡಿದ್ರಿ ಅಬ್ಬಾ?”

“ಉಪ್ಪಿಲ್ಲ ಅದರಾಗ ಈಗ.” ಮಗಳ ಕಡೆ ತಿರುಗಿ, “ನಿನಗೂ ರುಚಿ ಇದ್ದಂಗಿಲ್ಲ,” ಎಂದರು.

ಸಾನಿಯಾ ಹತ್ತಿಯ ರಾಶಿಯಿಂದ ಕಣ್ಣೆತ್ತಲಿಲ್ಲ. ಅಬ್ಬಾ, ನನಗೆ... ಎಂದು ನಿಂತಳು.

“ಪೂರ್ತಿ ಹೇಳು. ಬಾಗಿಲು ಬೇಕಾದ್ರ ಹಾಕ್ತೇನಿ.”

ಬಾಗಿಲು ಹಾಕಬೇಡಿ ಎಂದಳು. ಅಕ್ಷರ ಅಕ್ಷರ ಕೂಡಿಸಿ ಹೇಳಿದಂತೆ ಹೇಳಿದಳು. ಆ ಹುಡುಗನನ್ನು ತಾನು ನೋಡಬೇಕು. ಅವರು ಬಂದು ನೋಡುವುದಲ್ಲ, ತಾನೇ ಹೋಗಿ ನೋಡಬೇಕು, ಕೇಳಬೇಕಾದ್ದನ್ನು ಕೇಳಬೇಕು. ಅವನು ಮತ್ತೆ ಬರುವುದಿಲ್ಲ, ಮಾತು ಕೊಟ್ಟು ಹೋಗಿದ್ದಾನೆ. ಹಾಗಾಗಿ ನಾವೇ ಹೋಗದಿದ್ದರೆ ಇದು ಇಲ್ಲಿಗೇ ಮುಗಿಯುತ್ತದೆ. ಮುಗಿಯುವುದು ತನಗೆ ಬೇಡ.

ನಿಜಾಮಸಾಬರು ಮಶೀನು ಚಾಲೂ ಮಾಡಿದರು. ಅದು ಗರಗರ ಸದ್ದು ಮಾಡುತ್ತ ಬಿಳಿ ಮೋಡ ಎಬ್ಬಿಸಿತು. ಆ ಸದ್ದಿನಲ್ಲಿ ಅವರು ಏನೋ ಅಂದದ್ದು ಅವಳಿಗೆ ಕೇಳಿಸಲಿಲ್ಲ. ಮತ್ತೆ ಬಂದ್ ಮಾಡಿ ಹೇಳಿದರು.

“ಐತವಾರ ಹೋಗೂಣು ಅಂದೆ.”

ಸುರಯ್ಯಾಗೆ ಇದು ಕೇಳಿ ತಲೆ ಸುತ್ತಿತು. ಹುಡುಗಿ ಕಡೆಯವರು ಹುಡುಗನನ್ನು ನೋಡಲು ಗಂಟು ಕಟ್ಟಿಕೊಂಡು ಹೋಗುವುದನ್ನು ಏಳೂರಲ್ಲಿ ಕಂಡಿಲ್ಲ ಎಂದಳು. ಶಹನಾಜಬಿ ಬಾಗಿಲಿನಿಂದಲೇ ಓಡಿಸುತ್ತಾಳೆ ಎಂದಳು. ಶನಿವಾರ ಸಂಜೆಯವರೆಗೂ ಹಾಗೇ ಅನ್ನುತ್ತಿದ್ದು, ಭಾನುವಾರ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬುರ್ಖಾ ಹಾಕಿಕೊಂಡು ತಯಾರಾಗಿ ಕೂತಿದ್ದಳು. ಬೈಸಿಕೊಳ್ಳುವುದೇ ಆದರೆ ಮೂವರೂ ಸೇರಿ ಬೈಸಿಕೊಳ್ಳೋಣ ಎಂದಳು.

*

ಗೋಕಾಕದಲ್ಲಿ ಬಸ್ಸು ಬದಲಿಸಿದರು. ಅಬ್ಬಾ ಒಂದು ಪೆಟ್ಟಿಗೆ ಕರದಂಟು ಕೊಂಡರು. ಹುಕ್ಕೇರಿ ದಾರಿಯುದ್ದಕ್ಕೂ ಸಾನಿಯಾ ತಲೆಯ ಮೇಲಿನ ಓಡ್ನಿಯ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಹಿಂದಕ್ಕೆ ಹೋಗೋಣವೇ ಎಂದು ಕೇಳಲು ಬಾಯಿ ತೆರೆದಳು. ಮುಂದಿನ ಸೀಟಿನಲ್ಲಿ ಅಬ್ಬಾ ಹಬ್ಬದ ಟೊಪ್ಪಿಗೆ ಹಾಕಿಕೊಂಡು ನೆಟ್ಟಗೆ ಕೂತಿದ್ದರು. ಬಾಯಿ ಮುಚ್ಚಿಕೊಂಡಳು.

ಅಂಗಡಿ ರಸ್ತೆಯ ಮೇಲೇ ಇತ್ತು, ಮನೆ ಅದರ ಹಿಂದೆ. ಆರೀಫ ಯಾರಿಗೋ ಸಕ್ಕರೆ ತೂಗುತ್ತಿದ್ದ. ತಲೆಯೆತ್ತಿದ. ಸಕ್ಕರೆ ತಕ್ಕಡಿ ತುಂಬಿ, ಕಟ್ಟೆಯ ಮೇಲೆ ಸುರಿದು, ನೆಲಕ್ಕೆ ಇಳಿಯಿತು. ಗಿರಾಕಿ ಸಾಕ್ರಿ ಎನ್ನುವವರೆಗೂ ಅವನು ನಿಲ್ಲಿಸಲಿಲ್ಲ.

ಗಲ್ಲಾಪೆಟ್ಟಿಗೆಯ ಮುಂದಿದ್ದ ಸೈಫಅಲಿ ಎದ್ದು ಬಂದು, ಬರ್ರಿ, ಒಳಗ ಬರ್ರಿ ಎಂದು ಗಾಬರಿಯಲ್ಲೇ ಉಪಚರಿಸಿದರು. ನಡುಮನೆಯಲ್ಲಿ ಶಹನಾಜಬಿ ಕೂತ ಜಾಗದಿಂದ ಏಳಲಿಲ್ಲ. ನೀರು ಬಂತು. ಯಾರೂ ಕುಡಿಯಲಿಲ್ಲ.

“ನಮ್ಮ ಮನಿ ಮರ್ಯಾದಿ ರೇಡಿಯೊದಾಗ ಹೋದದ್ದು ಸಾಲಲಿಲ್ಲೇನ್ರಿ?” ಎಂದರು ಶಹನಾಜಬಿ. “ಓಣಿ ಮಂದಿ ಎಲ್ಲಾ ಬಂದು ಕೇಳಿ ಹೋದ್ರು, ನಿಮ್ಮ ಹುಡುಗನ್ನ ಬ್ಯಾಡ ಅಂದ್ಲಂತಲ್ಲ ಅಂತ.”

ನಿಜಾಮಸಾಬರು ಉತ್ತರಿಸಲು ಹೊರಟರು. ಸಾನಿಯಾ ಅವರ ಮೊಣಕೈ ಮುಟ್ಟಿ ತಡೆದಳು. ಎದ್ದು ಹೋಗಿ ಶಹನಾಜಬಿಯ ಎದುರು ಚಾಪೆಯ ಮೇಲೆ ಕೂತಳು.

“ಮೈಕು ಚಾಲೂ ಇದ್ದದ್ದು ನನಗ ಗೊತ್ತಿರಲಿಲ್ರಿ. ಆದ್ರ ಮಾತು ನನ್ನವ. ನಿಮಗ ನೋವಾಗೇತಿ, ಮಾಫ ಮಾಡ್ರಿ. ನಿಮ್ಮ ಮಗನ್ನ ಬ್ಯಾಡ ಅಂದಿರಲಿಲ್ಲ ನಾ. ನನ್ನ ಕೇಳದ ಮಾಡಬ್ಯಾಡ್ರಿ ಅಂದಿದ್ದೆ. ಈಗ ಕೇಳಾಕ ನಾನ ಬಂದೇನಿ. ಅವರ ಜೋಡಿ ಮಾತಾಡಲೇನ್ರಿ?”

ಶಹನಾಜಬಿ ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಆಮೇಲೆ ಬಾಗಿಲಲ್ಲಿ ಕೈಗೆಲ್ಲ ಸಕ್ಕರೆ ಮಾಡಿಕೊಂಡು ನಿಂತಿದ್ದ ಮಗನನ್ನು ನೋಡಿದರು. ಹದಿನೈದು ದಿನದಿಂದ ಅವನು ಮನೆಯಲ್ಲಿ ನಾಲ್ಕು ಮಾತು ಆಡಿರಲಿಲ್ಲ. ಆ ತಾಯಿ ಏನು ಕಂಡರೋ, ಹಿತ್ತಿಲ ಕಡೆ ಗದ್ದ ಎತ್ತಿ ತೋರಿಸಿದರು.

ಹಿತ್ತಿಲಲ್ಲಿ ನೀರಿನ ಟಾಕಿ, ಒಂದು ನಿಂಬೆ ಗಿಡ, ಒಣಹಾಕಿದ ಗೋಣಿಚೀಲಗಳು. ಇಬ್ಬರೂ ಗಿಡದ ಆಚೆ ಒಬ್ಬರು ಈಚೆ ಒಬ್ಬರು ನಿಂತರು. ಅಡುಗೆಮನೆಯ ಕಿಟಕಿಯಲ್ಲಿ ಇಬ್ಬರು ತಾಯಂದಿರ ನೆರಳು ಅಕ್ಕಪಕ್ಕ ಬಂದು ನಿಂತದ್ದು ಕಾಣಿಸುತ್ತಿತ್ತು.

“ಮಾತಾಡ್ರಿ,” ಎಂದಳು ಸಾನಿಯಾ.

“ಏನ್ ಮಾತಾಡ್ಲಿ?”

“ರೇಡಿಯೊದಾಗ ಭಾಳ ಮಾತಾಡ್ತಿದ್ರಿ.”

“ಅಲ್ಲಿ ಎದುರಿಗೆ ಯಾರೂ ಕಾಣಂಗಿಲ್ರಿ.” ಅವನು ನಿಂಬೆ ಎಲೆಯೊಂದನ್ನು ಹರಿದು, ಹರಿದದ್ದಕ್ಕೆ ತಾನೇ ಬೆಚ್ಚಿ, ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ಹಾಕಿಕೊಂಡ.

ಮತ್ತೆ ರೇಡಿಯೊಗೆ ಹೋಗುತ್ತೀರಾ ಎಂದು ಕೇಳಿದಳು. ಮ್ಯಾನೇಜರು ಮುಂದಿನ ತಿಂಗಳು ಬಾ ಎಂದಿದ್ದಾರೆ, ಅಪ್ಪ ಒಪ್ಪುತ್ತಿಲ್ಲ ಎಂದ. ನಿಮಗೆ ಏನು ಬೇಕು ಎಂದಳು. ಅವನು ತಡಮಾಡದೆ, ಹೋಗಬೇಕು ಎಂದ. ಆ ಮಂದಿಯ ದನಿ ಕೇಳದೆ ಇಲ್ಲಿ ಕಾಳು ಬೇಳೆ ತೂಗುತ್ತ ಕೂತರೆ ಕಿವಿಯೇ ಸತ್ತಂತಾಗುತ್ತದೆ ಎಂದ. ಹಾಗಾದರೆ ಅಪ್ಪನಿಗೆ ಹೇಳಿದ್ದೀರಾ ಎಂದಳು. ಇಲ್ಲ ಎಂದು ತಲೆಯಾಡಿಸಿದ. ಅವಳಿಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ. ಇಬ್ಬರೂ ಒಂದೇ ಕಾಯಿಲೆಯವರು.

ನಗು ಇಳಿದ ಮೇಲೆ ಸಾನಿಯಾ ಗಂಭೀರವಾದಳು. ತಾನು ಓದು ಮುಗಿಸುತ್ತೇನೆ, ಆಮೇಲೆ ಕೆಲಸ ಮಾಡುತ್ತೇನೆ, ರೇಡಿಯೊವೋ ಪೇಪರೋ ಗೊತ್ತಿಲ್ಲ, ಆದರೆ ಬಿಡುವುದಿಲ್ಲ, ಅಲ್ಲಿಯವರೆಗೆ ನಿಕಾಹದ ಅವಸರ ಯಾರೂ ಮಾಡಬಾರದು ಎಂದಳು.

“ನಾ ಕಾಯ್ತೇನಿ.”

“ಸುಮ್ಮನ ಹೇಳಬ್ಯಾಡ್ರಿ.”

ಅವನು ಒಂದು ಸಣ್ಣ ಉಸಿರು ತೆಗೆದುಕೊಂಡ. ಬಸ್ಸಿನಲ್ಲಿ ದಿನವೂ ಕಾಯುತ್ತಿದ್ದ ಆ ಉಸಿರನ್ನು ಅವಳು ಈಗ ಇಷ್ಟು ಹತ್ತಿರದಿಂದ ಕೇಳಿದಳು.

“ನಿಮ್ಮನ್ನ ನೋಡಿದ ದಿನದಿಂದ ನನಗ ಕುಂತಲ್ಲಿ ಕುಂಡ್ರಾಕ ಆಗವಲ್ದು, ಸಾನಿಯಾ. ನೀವು ಬರ್ತೀರಿ ಅಂತ ಅಲ್ಲ. ನೀವು ಎಲ್ಲೋ ಕುಂತು ಅರ್ಧ ಮಾತು ನುಂಗಾಕತ್ತೀರಿ ಅಂತ. ಅದನ್ನ ಕೇಳಾಕ ನಾ ಇಲ್ಲ ಅಂತ.”

ಅವಳು ನಿಂಬೆ ಗಿಡದ ಮುಳ್ಳು ಲೆಕ್ಕಿಸದೆ ಒಂದು ಹೆಜ್ಜೆ ಮುಂದೆ ಬಂದಳು. ಓಡ್ನಿ ಸಿಕ್ಕಿಕೊಂಡಿತು. ಅವನು ಬಾಗಿ, ಮುಳ್ಳಿನಿಂದ ಅದನ್ನು ಎಳೆ ಹರಿಯದಂತೆ ಬಿಡಿಸಿದ. ಬಿಡಿಸಿದ ಮೇಲೂ ಅಂಚು ಅವನ ಬೆರಳಲ್ಲಿ ಒಂದು ಗಳಿಗೆ ಉಳಿಯಿತು. ಅಡುಗೆಮನೆಯ ಕಿಟಕಿಯಲ್ಲಿ ಯಾರೋ ಕೆಮ್ಮಿದರು. ಅವನು ಬಿಟ್ಟ.

ನಡುಮನೆಗೆ ಬಂದಾಗ ಎಲ್ಲರೂ ಅವರವರ ಜಾಗದಲ್ಲಿ ಏನೂ ಗೊತ್ತಿಲ್ಲದಂತೆ ಕೂತಿದ್ದರು. ಸಾನಿಯಾ ಅಬ್ಬಾರ ಮುಂದೆ ಹೋಗಿ ನಿಂತಳು. ಮಾತು ಎಲ್ಲಿ ಸಿಕ್ಕಿಕೊಳ್ಳುತ್ತದೋ ಎಂದು ಭಯವಿತ್ತು. ಸಿಕ್ಕಿಕೊಳ್ಳಲಿಲ್ಲ.

“ಅಬ್ಬಾ, ನನಗ ಇವರು ಬೇಕು.”

ಸುರಯ್ಯಾ ಬಾಯಿಗೆ ಬುರ್ಖಾದ ಅಂಚು ಒತ್ತಿಕೊಂಡಳು. ಸೈಫಅಲಿ ಛಾವಣಿ ನೋಡಿದರು. ನಿಜಾಮಸಾಬರು ಮಗಳ ಮುಖವನ್ನೇ ನೋಡುತ್ತಿದ್ದರು, ಕಣ್ಣು ತೇವವಾಗಿತ್ತು. “ಕೇಳಿಸ್ತು,” ಎಂದರು.

ಆರೀಫ ಗಂಟಲು ಸರಿಮಾಡಿಕೊಂಡ. ಅಪ್ಪನ ಕಡೆ ತಿರುಗಿ, ತಾನು ಮುಂದಿನ ತಿಂಗಳಿಂದ ರೇಡಿಯೊಗೆ ಹೋಗುತ್ತೇನೆ, ಕೇಳಿದವರಿಗೆ ರೇಡಿಯೊ ಎಂದೇ ಹೇಳಿ ಎಂದ. ಸೈಫಅಲಿ ಇನ್ನೂ ಛಾವಣಿಯನ್ನೇ ನೋಡುತ್ತಿದ್ದರು. ಆಮೇಲೆ ನಿಜಾಮಸಾಬರ ಕಡೆ ವಾಲಿ, ಮೂರು ತಾಲೂಕಿನಾಗ ನನ್ನ ಹೆಸರು ದಿನಾ ಮೊಳಗಾಕತ್ತಿತ್ತು, ನಾ ಮಾತ್ರ ಬಾಯಿ ಮುಚ್ಚಿಕೊಂಡು ಕುಂತಿದ್ದೆ ನೋಡ್ರಿ ಎಂದರು. ಅದು ಒಪ್ಪಿಗೆಯೇ ಇರಬೇಕು.

ಶಹನಾಜಬಿ ಎದ್ದು ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಸುರಯ್ಯಾಳ ಮುಖ ಸಣ್ಣಗಾಯಿತು. ಹೊರಗೆ ಬಂದಾಗ ಅವರ ಕೈಯಲ್ಲಿ ಖಜೂರದ ತಟ್ಟೆ ಇತ್ತು. ಯಾರ ಕಡೆಗೂ ನೋಡದೆ ಒಂದನ್ನು ತೆಗೆದು ಸಾನಿಯಾಳ ಬಾಯಿಗೆ ಇಟ್ಟರು.

“ಭಾಳ ಮಾತಾಡ್ತಿ ನೀ,” ಎಂದರು. “ನನ್ನ ಜೋಡಿನೂ ಹಿಂಗ ಮಾತಾಡು. ಬೆನ್ನ ಹಿಂದ ಬ್ಯಾಡ.”

*

ಸಂಜೆ ಬಸ್ ಸ್ಟ್ಯಾಂಡಿಗೆ ಬಿಡಲು ಆರೀಫ ಬಂದ. ಗೋಕಾಕದ ಬಸ್ಸು ತಡವಾಗಿತ್ತು. ನಿಜಾಮಸಾಬರು ಎಲೆ ಅಡಿಕೆ ತರುತ್ತೇನೆಂದು ಹೆಂಡತಿಯನ್ನೂ ಕರೆದುಕೊಂಡು ಹೋದರು. ಅವರಿಬ್ಬರಿಗೂ ಎಲೆ ಅಡಿಕೆ ಅಭ್ಯಾಸವಿರಲಿಲ್ಲ.

ಬೆಂಚಿನ ಮೇಲೆ ಇಬ್ಬರ ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತರು. ಕುರಿಮರಿಯೊಂದನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬಂದ ಅಜ್ಜನೊಬ್ಬ ಆ ಜಾಗದಲ್ಲೇ ಕೂತುಬಿಟ್ಟ. ಅಜ್ಜನ ತಲೆಯ ಹಿಂದಿನಿಂದ ಆರೀಫ ಅವಳನ್ನು ನೋಡಿದ. ಕುರಿಮರಿ ಅರಚಿತು. ಸಾನಿಯಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ಬಸ್ಸು ಬಂತು. ಅವಳಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಅವನು ಕೆಳಗೆ ಬಂದು ನಿಂತು, ಕಿಟಕಿ ಸರಳಿನ ಮೇಲೆ, ಅವಳ ಬೆರಳಿನಿಂದ ಗೇಣುದೂರದಲ್ಲಿ ಕೈ ಇಟ್ಟ.

“ಮನಿ ಮುಟ್ಟಿದ ಮ್ಯಾಲ ಫೋನ್ ಮಾಡ್ರಿ.”

“ಇನ್ನೂ ‘ರಿ’ ಅಂತೀರಿ?”

ಅವನು ಅತ್ತಿತ್ತ ನೋಡಿದ. ಡ್ರೈವರ್ ಗೇರು ಹಾಕಿದ, ಬಸ್ಸು ಒಮ್ಮೆ ಜೋಲಿ ಹೊಡೆಯಿತು.

“ಫೋನ್ ಮಾಡು,” ಎಂದ ಮೆಲ್ಲಗೆ. “ಸಾನಿಯಾ, ಮಾಡು.”

ಬಸ್ಸು ಹೊರಟಿತು. ಅವನು ಜೊತೆಗೇ ನಾಲ್ಕಾರು ಹೆಜ್ಜೆ ನಡೆದ, ಓಡಿದ. ಅವಳು ಕಿಟಕಿಯ ಸರಳಿಗೆ ಮುಖ ಒತ್ತಿ, ಮುಂದಿನ ಸೀಟಿನ ಅಬ್ಬಾಗೆ ಕೇಳಿಸುವುದೆಂದು ಗೊತ್ತಿದ್ದೂ, ಅವನ ಹೆಸರು ಹಿಡಿದು ಕರೆದಳು.

“ಮಾಡ್ತೇನಿ, ಆರೀಫ.”